ದೂರದ ಅಣುಸ್ಥಾವರದಲ್ಲಿ ಅವಘಡ: ಇನ್ನೂರು ಕಿ.ಮೀ. ಆಚೆಯ ಮನೆಯವರು ಏನು ಮಾಡಬೇಕು, ಯಾವಾಗ ಮಾಡಬೇಕು

ಸ್ಥಾವರದ ಬೇಲಿಯ ಪಕ್ಕದಲ್ಲಿರುವವರಿಗೆ ಏನು ಮಾಡಬೇಕೆಂದು ಯಾರಾದರೂ ಬಂದು ಹೇಳುತ್ತಾರೆ. ಬಸ್ಸು ಬರುತ್ತದೆ, ಶಿಬಿರ ತೆರೆಯುತ್ತದೆ. ನೂರು, ಇನ್ನೂರು, ಮುನ್ನೂರು ಕಿ.ಮೀ. ದೂರದಲ್ಲಿರುವವರ ಪಾಲಿಗೆ ಬರುವುದು ಟಿ.ವಿ. ಸುದ್ದಿ, ಫಾರ್ವರ್ಡ್ ಮೆಸೇಜು, ಊರಿನಿಂದ ಅಮ್ಮನ ಫೋನು. ಈ ಬರಹ ಅವರಿಗಾಗಿ. ಇದಕ್ಕೆ ಆಧಾರ 2011ರ ಮಾರ್ಚ್ 11ರಂದು ಭೂಕಂಪದ ಬೆನ್ನಿಗೆ ಜಪಾನಿನ ಫುಕುಶಿಮಾ ದೈಇಚಿ ಅಣುಸ್ಥಾವರದಲ್ಲಿ ಶುರುವಾದ ಅವಘಡ ಮತ್ತು ಅಲ್ಲಿಂದ ಸುಮಾರು 230 ಕಿ.ಮೀ. ದೂರದ ಟೋಕಿಯೊದ ಅನುಭವ. ಜಪಾನಿನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೈಗಾದ ಸುತ್ತಲಿನ ಜಿಲ್ಲೆಗಳವರಿಗೆ ಬೇಕಾದದ್ದು ಕೊನೆಯಲ್ಲಿದೆ.

ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ದೂರದ ಮನೆಗೆ ವಿಕಿರಣ ವಸ್ತು ಮೂರು ದಾರಿಯಲ್ಲಿ ಬರುತ್ತದೆ, ಮೂರಕ್ಕೂ ಬೇರೆ ಬೇರೆ ಹೊತ್ತು. ಮೊದಲು ಗಾಳಿ, ಗಂಟೆಗಳ ಲೆಕ್ಕದಲ್ಲಿ. ಆಮೇಲೆ ಮಳೆ ಬಿದ್ದು ಕುಡಿಯುವ ನೀರು, ದಿನಗಳ ಲೆಕ್ಕದಲ್ಲಿ. ಕೊನೆಗೆ ಊಟದ ತಟ್ಟೆ, ವಾರದಿಂದ ವರ್ಷಗಳ ತನಕ. ಜನ ಹೆದರಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಒಂದು ದಾರಿಯ ಕೆಲಸವನ್ನು ಇನ್ನೊಂದರ ಹೊತ್ತಿನಲ್ಲಿ ಮಾಡುವುದರಿಂದ ಆಗುವಂಥವು.

ದೂರ ಅಳೆಯುವ ಮೊದಲು ಗಾಳಿ ನೋಡಿ

ಸರ್ಕಾರಗಳು ನಕ್ಷೆಯ ಮೇಲೆ ವೃತ್ತ ಎಳೆಯುತ್ತವೆ. ಫುಕುಶಿಮಾದಲ್ಲಿ ಮೊದಲ ದಿನ 3 ಕಿ.ಮೀ., ಮರುದಿನ ಬೆಳಿಗ್ಗೆ 10, ಸಂಜೆಗೆ 20. ಆದರೆ ಗಾಳಿ ವೃತ್ತದಲ್ಲಿ ಬೀಸುವುದಿಲ್ಲ. ಮಾರ್ಚ್ 15ರ ಮಧ್ಯಾಹ್ನ ಗಾಳಿ ವಾಯವ್ಯದ ಕಡೆ ತಿರುಗಿತು, ಸಂಜೆ ಮಳೆ, ಹಿಮ ಬಿತ್ತು. ಅಲ್ಲಿ ಸುಮಾರು 40 ಕಿ.ಮೀ. ದೂರದಲ್ಲಿದ್ದ ಈತಾತೆ ಎಂಬ ಹಳ್ಳಿ, ಸ್ಥಾವರಕ್ಕೆ ಇನ್ನೂ ಹತ್ತಿರದ ಎಷ್ಟೋ ಊರುಗಳಿಗಿಂತ ಹೆಚ್ಚು ಕಲುಷಿತವಾಯಿತು. ಆ ಹಳ್ಳಿಯನ್ನು ತೆರವಿನ ಪಟ್ಟಿಗೆ ಸೇರಿಸಿದ್ದು ಏಪ್ರಿಲ್ 22ಕ್ಕೆ. ನಮಿಯೆ ಪಟ್ಟಣದವರಂತೂ ಸುರಕ್ಷಿತವೆಂದು ನಂಬಿ ಹೋಗಿ ತಂಗಿದ್ದ ತ್ಸುಶಿಮಾ, ಗಾಳಿ ಸಾಗಿದ ಹಾದಿಯಲ್ಲೇ ಇತ್ತು. ಗಾಳಿಯ ಹಾದಿಯನ್ನು ಲೆಕ್ಕಹಾಕುವ ಸ್ಪೀಡಿ ಎಂಬ ವ್ಯವಸ್ಥೆ ಸರ್ಕಾರದ ಬಳಿ ಇದ್ದರೂ ಅದರ ನಕ್ಷೆಗಳು ಆ ಜನರಿಗೆ ಹೊತ್ತಿಗೆ ಸಿಗಲಿಲ್ಲ. ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಕೆಲಸವನ್ನು ನೀವೇ ಮಾಡಿಕೊಳ್ಳುವುದನ್ನು ಕಲಿಯಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮನೆಯಿಂದ ಸ್ಥಾವರ ಯಾವ ದಿಕ್ಕಿಗಿದೆ, ಎಷ್ಟು ಕಿ.ಮೀ. ಎಂದು ಬರೆಯಿರಿ. ಟೋಕಿಯೊದಿಂದ ನೋಡಿದರೆ ದೈಇಚಿ ಇರುವುದು ಉತ್ತರ-ಈಶಾನ್ಯಕ್ಕೆ. ಅದರ ಕೆಳಗೆ ಮುಂದಿನ 48 ಗಂಟೆಗಳ ಗಾಳಿ ಮತ್ತು ಮಳೆಯ ಮುನ್ಸೂಚನೆ ಬರೆಯಿರಿ, ಆರು ಗಂಟೆಗೊಮ್ಮೆ ತಿದ್ದಿ. ಇಲ್ಲಿ ಬಹಳ ಜನ ಎಡವುತ್ತಾರೆ: ಹವಾಮಾನ ವರದಿಯಲ್ಲಿ "ಈಶಾನ್ಯ ಗಾಳಿ" ಎಂದರೆ ಈಶಾನ್ಯದಿಂದ ಬರುವ ಗಾಳಿ, ಈಶಾನ್ಯಕ್ಕೆ ಹೋಗುವುದಲ್ಲ. ಟೋಕಿಯೊಗೆ ಅದೇ ಕೆಟ್ಟ ಗಾಳಿ. ಸೆಕೆಂಡಿಗೆ 5 ಮೀಟರ್ ಗಾಳಿ ಎಂದರೆ ಗಂಟೆಗೆ 18 ಕಿ.ಮೀ. ಹಾಗಾಗಿ 230 ಕಿ.ಮೀ. ಬರಲು ಹದಿಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಸ್ಥಾವರದಲ್ಲಿ ಸ್ಫೋಟವಾಯಿತೆಂದು ಟಿ.ವಿ.ಯಲ್ಲಿ ಕಂಡ ಕ್ಷಣ ಓಡಿಹೋಗಿ ಕಿಟಕಿ ಮುಚ್ಚುವ ಅಗತ್ಯವಿಲ್ಲ. ನೀರು ತುಂಬಿಸಲು, ಮಕ್ಕಳನ್ನು ಶಾಲೆಯಿಂದ ಕರೆತರಲು, ಅಂಗಡಿಗೆ ಹೋಗಿಬರಲು ಹೊತ್ತಿರುತ್ತದೆ.

ಮಾಪಕದ ಅಂಕಿ ಓದುವುದು

ಗಾಳಿಯಲ್ಲಿನ ವಿಕಿರಣವನ್ನು ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಎಂದು ಹೇಳುತ್ತಾರೆ. ಸೀವರ್ಟ್ ಎಂದರೆ ದೇಹಕ್ಕೆ ತಾಗುವ ವಿಕಿರಣದ ಅಳತೆ. 1000 ಮೈಕ್ರೋಸೀವರ್ಟ್ ಸೇರಿದರೆ 1 ಮಿಲಿಸೀವರ್ಟ್. ಪ್ರಪಂಚದಲ್ಲಿ ಮನುಷ್ಯನೊಬ್ಬನಿಗೆ ನೆಲ, ಗಾಳಿ, ಆಕಾಶ, ಆಹಾರದಿಂದ ಸಹಜವಾಗಿ ಸಿಗುವುದು ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಸುದ್ದಿಯಲ್ಲಿ ಅಂಕಿ ಕಂಡ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಿ: ಮೈಕ್ರೋನಾ, ಮಿಲಿನಾ? ಗಂಟೆಗಾ, ವರ್ಷಕ್ಕಾ? ಒಂದು ತಪ್ಪಿದರೂ ಲೆಕ್ಕ ಸಾವಿರ ಪಟ್ಟು ಹೆಚ್ಚುಕಮ್ಮಿಯಾಗುತ್ತದೆ.

ಟೋಕಿಯೊದ ಶಿಂಜುಕು ಎಂಬಲ್ಲಿನ ಮಾಪಕ ಮಾರ್ಚ್ 15ರ ಬೆಳಿಗ್ಗೆ ಗಂಟೆಗೆ ಸುಮಾರು 0.8 ಮೈಕ್ರೋಸೀವರ್ಟ್ ಮುಟ್ಟಿತು. ಮಾಮೂಲಿ ದಿನ ಅಲ್ಲಿ 0.03ರಿಂದ 0.08ರ ನಡುವೆ. ಹತ್ತು ಪಟ್ಟಿಗೂ ಮೀರಿ ಏರಿದ್ದು ನಿಜ. ಆದರೆ ಅದೇ ಮಟ್ಟ ಇಡೀ ದಿನ ನಿಂತಿದ್ದರೂ ಆಗುತ್ತಿದ್ದದ್ದು 19 ಮೈಕ್ರೋಸೀವರ್ಟ್, ಒಂದು ಎದೆಯ ಎಕ್ಸ್-ರೇಯಷ್ಟು. ಅದು ನಿಲ್ಲಲಿಲ್ಲ, ಬೇಗ ಇಳಿಯಿತು. ಹಾಗಾಗಿ ಶಿಖರದ ಅಂಕಿಯನ್ನು 365 ದಿನದಿಂದ ಗುಣಿಸಿ ಹೆದರಿಸುವ ಸಂದೇಶ ಬಂದರೆ ಪಕ್ಕಕ್ಕಿಡಿ. ಹಾಗೆಯೇ ಆ ಮಾಪಕ ಇದ್ದದ್ದು ಕಟ್ಟಡದ ಮೇಲೆ, ನೆಲದಿಂದ ಸುಮಾರು 18 ಮೀಟರ್ ಎತ್ತರದಲ್ಲಿ ಎಂಬುದೂ ಗಮನದಲ್ಲಿರಲಿ. ಮಗು ಆಡುವ ನೆಲದ ಓದನ್ನು, ಅಂದರೆ ಅಲ್ಲಿ ಮಾಪಕ ತೋರಿಸುವ ಅಂಕಿಯನ್ನು, ಅದು ಹೇಳುವುದಿಲ್ಲ.

ಇನ್ನೊಂದು ಸುಳ್ಳು ಗಾಬರಿ: ಅವಘಡವೇ ಇಲ್ಲದ ದಿನವೂ ಮಳೆ ಬಂದರೆ ಮಾಪಕ ಏರುತ್ತದೆ. ನೆಲದಿಂದ ಸಹಜವಾಗಿ ಹೊರಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಒಡೆದು ಹುಟ್ಟಿದ ಕಣಗಳು ಮಳೆಯ ಜೊತೆ ಇಳಿಯುವುದೇ ಕಾರಣ. ಅದು ಮಳೆ ನಿಂತ ಕೆಲವು ಗಂಟೆಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಮಳೆ ನಿಂತು ಒಂದು ದಿನವಾದರೂ ಓದು ಹಳೆಯ ಮಟ್ಟಕ್ಕೆ ಇಳಿಯದಿದ್ದರೆ, ನೆಲಕ್ಕೆ ಏನೋ ಬಂದು ಕೂತಿದೆ ಎಂದರ್ಥ.

ಗಾಳಿ ನಿಮ್ಮ ಕಡೆ ತಿರುಗಿದ ದಿನ

1. ಒಗೆದ ಬಟ್ಟೆ, ಹಾಸಿಗೆ, ಆಟದ ಸಾಮಾನು ಒಳಗೆ ತನ್ನಿ. ತೊಟ್ಟಿ, ಬಾವಿ, ನೀರಿನ ಟ್ಯಾಂಕಿನ ಮುಚ್ಚಳ ಸರಿಯಾಗಿ ಮುಚ್ಚಿ.

2. ಕಿಟಕಿ ಬಾಗಿಲು ಹಾಕಿ. ಜಪಾನಿನ ಹೊಸ ಮನೆಗಳಲ್ಲಿ 24 ಗಂಟೆ ಓಡುವ ಗಾಳಿಯಾಟದ ಫ್ಯಾನ್ ಇರುತ್ತದೆ. ಅದನ್ನು ನಿಲ್ಲಿಸಿ, ಗೋಡೆಯಲ್ಲಿರುವ ದುಂಡನೆಯ ಗಾಳಿಕಿಂಡಿಯನ್ನೂ ಮುಚ್ಚಿ. ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಪ್ಲಿಟ್ ಎ.ಸಿ. ಓಡಿಸಬಹುದು.

3. ಟೇಪ್ ಹಚ್ಚಿ ಕೋಣೆಯನ್ನು ಡಬ್ಬಿಯಂತೆ ಮಾಡಬೇಡಿ. ಇಷ್ಟು ದೂರದಲ್ಲಿ ಅದರಿಂದ ಸಿಗುವ ಲಾಭ ಅತ್ಯಲ್ಪ, ಅಪಾಯ ದೊಡ್ಡದು. ಮಾರ್ಚ್ ಚಳಿಯಲ್ಲಿ ಸೀಮೆಎಣ್ಣೆ ಹೀಟರ್ ಹಚ್ಚಿ ಎಲ್ಲ ಸಂದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ರಾತ್ರಿಯೇ ಸಾವು ಬರಬಹುದು. ಹೀಟರ್, ಗ್ಯಾಸ್ ಒಲೆ ಉರಿಯುವಾಗ ಕಿಟಕಿ ಬೆರಳಗಲ ತೆರೆದಿರಲಿ.

4. ಮರದ ಮನೆಯಾದರೆ, ಹತ್ತಿರದಲ್ಲಿ ನೆಂಟರ ಕಾಂಕ್ರೀಟ್ ಕಟ್ಟಡದ ಮನೆಯಿದ್ದರೆ ಅಲ್ಲಿಗೆ ಹೋಗಿ. ಕಟ್ಟಡದ ಒಳಗಿನ, ಹೊರಗೋಡೆ ಇಲ್ಲದ ಕೋಣೆ ಒಳ್ಳೆಯದು.

5. ಹೊರಗೆ ಹೋಗಲೇಬೇಕಾದರೆ ಮಾಸ್ಕ್, ಟೋಪಿ, ನುಣುಪಾದ ಮೇಲಂಗಿ. ವಾಪಸ್ ಬಂದಾಗ ಚಪ್ಪಲಿ, ಮೇಲಂಗಿ ಬಾಗಿಲ ಹೊರಗೇ ಇರಲಿ. ತಲೆಗೆ ಬರೀ ಶಾಂಪೂ ಹಾಕಿ ಸ್ನಾನ ಮಾಡಿ, ಕಂಡೀಷನರ್ ಬೇಡ, ಅದು ಕಣವನ್ನು ಕೂದಲಿಗೆ ಅಂಟಿಸುತ್ತದೆ. ಮಳೆಯಲ್ಲಿ ನೆನೆಯಬೇಡಿ.

6. ಹೊರಗಿನ ಓದು ಇಳಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಿ. ಮುಚ್ಚಿದ್ದರೂ ಒಳಗೆ ಸ್ವಲ್ಪ ನುಸುಳಿರುತ್ತದೆ. ಹೊರಗೆ ಶುದ್ಧವಾದ ಮೇಲೂ ಬಾಗಿಲು ಬಿಗಿದುಕೊಂಡು ಕೂತರೆ ಅದನ್ನೇ ಉಸಿರಾಡುತ್ತಿರುತ್ತೀರಿ. ಆಮೇಲೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಬೇಡ.

ಅಯೋಡಿನ್ ಮಾತ್ರೆ

ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಕಾಪಾಡುವುದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಅವಘಡದಲ್ಲಿ ಹೊರಬರುವ ಇನ್ನೊಂದು ವಿಕಿರಣ ವಸ್ತುವಾದ ಸೀಸಿಯಂ ವಿರುದ್ಧ ಏನೂ ಮಾಡದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ: ದೊಡ್ಡವರಿಗೆ, 12 ವರ್ಷ ದಾಟಿದವರಿಗೆ 130 ಮಿ.ಗ್ರಾಂ., 3ರಿಂದ 12 ವರ್ಷದವರಿಗೆ 65, ಒಂದು ತಿಂಗಳಿಂದ 3 ವರ್ಷದವರಿಗೆ 32, ಹಸುಗೂಸಿಗೆ 16. ಗಾಳಿ ಮುಟ್ಟುವ ಮೊದಲಿನ 24 ಗಂಟೆಯಿಂದ ಮುಟ್ಟಿದ 2 ಗಂಟೆಯೊಳಗೆ ತೆಗೆದುಕೊಂಡರೆ ಸರಿಯಾದ ಫಲ, 8 ಗಂಟೆಯವರೆಗೂ ಒಂದಿಷ್ಟು ಫಲ. ಒಂದು ದಿನ ಕಳೆದ ಮೇಲೆ ನುಂಗಿದರೆ ಹಾನಿಯೇ ಹೆಚ್ಚು. ಅಧಿಕಾರಿಗಳು ಹೇಳದೆ ನುಂಗಬೇಡಿ. ನಲವತ್ತು ದಾಟಿದವರಿಗೆ ಲಾಭ ಕಡಿಮೆ. ಮಾತ್ರೆ ಕಡಿಮೆ ಇದ್ದರೆ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಮೊದಲು.

ಮಾತ್ರೆ ಸಿಗದಾಗ ಜನ ಏನೇನೋ ಮಾಡುತ್ತಾರೆ. 2011ರಲ್ಲಿ ಜಪಾನಿನಲ್ಲಿ ಬಾಯಿ ಮುಕ್ಕಳಿಸುವ ಪೊವಿಡೋನ್ ಅಯೋಡಿನ್ ಕುಡಿಯಿರಿ ಎಂಬ ಗಾಳಿಮಾತು ಹಬ್ಬಿತು. ಏಷ್ಯಾದ ಬೇರೆ ದೇಶಗಳಲ್ಲಿ ಬಿಬಿಸಿ ಹೆಸರಿನ ನಕಲಿ ಎಸ್‌ಎಂಎಸ್ ಕತ್ತಿಗೆ ಬೆಟಾಡಿನ್ ಹಚ್ಚಲು ಹೇಳಿತು. ಚೀನಾದಲ್ಲಿ ಉಪ್ಪಿನ ಅಂಗಡಿಗಳು ಖಾಲಿಯಾದವು. ಉಪ್ಪಿನ ಲೆಕ್ಕ ನೀವೇ ಹಾಕಿ ನೋಡಿ: ನಮ್ಮ ಅಡುಗೆ ಉಪ್ಪಿನಲ್ಲಿ ಕಿಲೋಗೆ 15 ಮಿ.ಗ್ರಾಂ. ಅಯೋಡಿನ್ ಎಂದು ಹಿಡಿದರೆ, ಒಂದು ಮಾತ್ರೆಯಲ್ಲಿರುವ 100 ಮಿ.ಗ್ರಾಂ. ಅಯೋಡಿನ್‌ಗೆ ಆರೂವರೆ ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು.

ನೀರು: ಮಗುವಿರುವ ಮನೆಯ ಮುಖ್ಯ ಕೆಲಸ

ಟೋಕಿಯೊಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಮಾರ್ಚ್ 21, 22ರ ಮಳೆ. 22ರಂದು ಕನಮಾಚಿ ಶುದ್ಧೀಕರಣ ಘಟಕದ ನೀರಿನಲ್ಲಿ ಕಿಲೋಗೆ 210 ಬೆಕೆರೆಲ್ ಅಯೋಡಿನ್-131 (ವಿಕಿರಣಶೀಲ ಅಯೋಡಿನ್) ಕಂಡಿತು. ನೀರು, ಆಹಾರದಲ್ಲಿ ವಿಕಿರಣ ವಸ್ತು ಎಷ್ಟಿದೆ ಎಂಬುದರ ಅಳತೆ ಬೆಕೆರೆಲ್. ದೊಡ್ಡವರ ಮಿತಿ 300, ಹಸುಗೂಸಿನದು 100. 23ರಂದು ಪ್ರಕಟಿಸಿದಾಗ ಅಂಗಡಿಗಳಲ್ಲಿ ಬಾಟಲಿ ನೀರು ಮಾಯವಾಯಿತು. ಮರುದಿನವೇ ಅಂಕಿ 79ಕ್ಕೆ ಇಳಿದು, ಎಚ್ಚರಿಕೆಯನ್ನು ಹಿಂದಕ್ಕೆ ಪಡೆದರು. ಕೂಸಿರುವ ಮನೆಗಳಿಗೆ ನಗರಾಡಳಿತ ಮಗುವಿಗೆ ಮೂರರಂತೆ 550 ಮಿ.ಲೀ. ಬಾಟಲಿ ಹಂಚಿತು.

ಈ ದಿನಾಂಕಗಳನ್ನು ನೋಡಿ. ಭೂಕಂಪದಿಂದ ನೀರಿನ ಸುದ್ದಿಯವರೆಗೆ ಹನ್ನೆರಡು ದಿನ. ಆ ಅವಧಿಯಲ್ಲಿ ನಲ್ಲಿಯಲ್ಲಿ ಬಂದ ನೀರಿನಲ್ಲಿ ಹೆಚ್ಚಿನ ದಿನ ಏನೂ ತೊಂದರೆ ಇರಲಿಲ್ಲ. ತುಂಬಿಸಿಡಲು ಅದೇ ಸರಿಯಾದ ಹೊತ್ತು. ಮೊದಲ ದಿನವೇ ಹೀಗೆ ಮಾಡಿ:

ಮುಚ್ಚಳ ಬಿಗಿಯುವ ಬಾಟಲಿಗಳನ್ನು ತೊಳೆದು, ನಲ್ಲಿ ನೀರನ್ನು ನೇರವಾಗಿ, ಬಾಯಿವರೆಗೆ, ಒಳಗೆ ಗಾಳಿ ಉಳಿಯದಂತೆ ತುಂಬಿ. ಫಿಲ್ಟರ್ ಮಾಡಿದ ನೀರನ್ನಾಗಲಿ ಕುದಿಸಿದ ನೀರನ್ನಾಗಲಿ ಕೂಡಿಡಬೇಡಿ, ಕ್ಲೋರಿನ್ ಹೋಗಿರುವುದರಿಂದ ಬೇಗ ಕೆಡುತ್ತದೆ. ಕ್ಲೋರಿನ್ ಇರುವ ನೀರು ಬಿಸಿಲು ತಾಗದ ಕಡೆ 3 ದಿನ, ಫ್ರಿಜ್‌ನಲ್ಲಿ 10 ದಿನ ಕುಡಿಯಲು ಬರುತ್ತದೆ. ಪ್ರತಿದಿನ ಹಳೆಯದನ್ನು ಪಾತ್ರೆ ತೊಳೆಯಲು ಬಳಸಿ, ಹೊಸದನ್ನು ತುಂಬಿ. ಬಾಟಲಿ ಹಾಲು ಕುಡಿಯುವ ಕೂಸಿಗೆ ದಿನಕ್ಕೆ ಒಂದು ಲೀಟರ್ ಎತ್ತಿಡಿ, ದೊಡ್ಡವರಿಗೆ ಅಡುಗೆಯೂ ಸೇರಿ ತಲಾ 3 ಲೀಟರ್. ಖನಿಜಾಂಶ ಹೆಚ್ಚಿರುವ ಗಡಸು ನೀರು ಕೂಸಿನ ಹಾಲಿನ ಪುಡಿಗೆ ಆಗದು, ಬಾಟಲಿ ಕೊಳ್ಳುವಾಗ ಮೆದು ನೀರೇ ಎಂದು ನೋಡಿಕೊಳ್ಳಿ.

ನೀರನ್ನು ಕುದಿಸಿದರೆ ಅಯೋಡಿನ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇದ್ದಿಲಿನ ಫಿಲ್ಟರ್ ಸ್ವಲ್ಪ ಹಿಡಿಯುತ್ತದೆ, ಆರ್‌ಒ ಯಂತ್ರ ಬಹಳಷ್ಟನ್ನು ತೆಗೆಯುತ್ತದೆ. ಸೀಸಿಯಂ ಮಣ್ಣಿನ ಕಣಕ್ಕೆ ಅಂಟುವುದರಿಂದ ಶುದ್ಧೀಕರಣ ಘಟಕದಲ್ಲೇ ಹೆಚ್ಚಿನಂಶ ಕೆಸರಿನೊಂದಿಗೆ ಉಳಿದುಬಿಡುತ್ತದೆ.

ಬೇರೆ ನೀರೇ ಸಿಗದಿದ್ದರೆ? ಮಗುವಿಗೆ ನಲ್ಲಿ ನೀರನ್ನೇ ಕೊಡಿ. 210 ಬೆಕೆರೆಲ್‌ನ ನೀರನ್ನು ಕೂಸು ಒಂದು ದಿನ ಒಂದು ಲೀಟರ್ ಕುಡಿದರೆ ದೇಹಕ್ಕೆ ಆಗುವುದು ಸುಮಾರು 38 ಮೈಕ್ರೋಸೀವರ್ಟ್. ಬಾಯಾರಿ ಮಗು ಬಳಲಿದರೆ ಆಗುವ ಕೇಡು ಅದಕ್ಕಿಂತ ಬಹಳ ದೊಡ್ಡದು, ಅಂದು ಜಪಾನಿನ ಆರೋಗ್ಯ ಸಚಿವಾಲಯವೂ ಇದನ್ನೇ ಹೇಳಿತ್ತು. ಎದೆಹಾಲು ನಿಲ್ಲಿಸಬೇಡಿ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ, ಎಂಬತ್ತು ದಿನಕ್ಕೆ ಸಾವಿರದಲ್ಲೊಂದು ಪಾಲಾಗುತ್ತದೆ. ನೀರಿನ ಈ ಎಚ್ಚರ ಮೊದಲ ಕೆಲವು ವಾರದ್ದು.

ಇರುವುದೋ, ಹೋಗುವುದೋ

ಟೋಕಿಯೊದಂಥ ದೂರದಲ್ಲಿ ವಿಕಿರಣವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ 2011ರಲ್ಲಿ ಓಡುವ ಅಗತ್ಯ ಇರಲಿಲ್ಲ. ಆದರೂ ಹೋದವರನ್ನು ಹಳಿಯುವುದು ತಪ್ಪು. ಭೂಕಂಪದ ಮರುನಡುಕ, ಸರದಿಯ ವಿದ್ಯುತ್ ಕಡಿತ, ಪೆಟ್ರೋಲ್ ಇಲ್ಲದ ಬಂಕು, ತುಂಬು ಬಸುರಿ, ಭಾಷೆ ಬಾರದ ಅತ್ತೆ ಮಾವ, ಇವೆಲ್ಲ ನಿಜವಾದ ಕಾರಣಗಳೇ. ಹೋಗುವುದಾದರೆ ಒಂದು ವಾರದ ಮಟ್ಟಿಗೆ ಒಸಾಕಾ ಕಡೆ ಹೋದರೂ ಸಾಕು.

ತೀರ್ಮಾನವನ್ನು ಗಾಬರಿಯ ಹೊತ್ತಿಗೆ ಬಿಡಬೇಡಿ. ಮನೆಯವರು ಕೂತು ಬರೆದಿಟ್ಟುಕೊಳ್ಳಿ: ಸರ್ಕಾರ ನಮ್ಮ ಊರಿಗೆ ಒಳಗಿರಿ ಎಂದರೆ ಒಳಗಿರುತ್ತೇವೆ, ಗಾಳಿಯಲ್ಲಿ ಹೊರಡುವುದಿಲ್ಲ, ಓದು ಮೂರು ದಿನ ಇಷ್ಟರ ಮೇಲೆ ನಿಂತರೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತೇವೆ. ಅದೇ ಹಾಳೆಯ ಫೋಟೋವನ್ನು ಊರಿನಲ್ಲಿರುವ ಅಪ್ಪ ಅಮ್ಮನಿಗೂ ಕಳಿಸಿ. ಟಿ.ವಿ. ಮುಂದೆ ಕೂತು ಕಣ್ಣೀರು ಹಾಕುವವರಿಗೆ "ಏನೂ ಆಗಲ್ಲಮ್ಮ" ಎನ್ನುವ ಮಾತಿಗಿಂತ, ದಿನಕ್ಕೆರಡು ಸಲ ಹೊತ್ತು ಹೊತ್ತಿಗೆ ಕಳಿಸುವ ಮಾಪಕದ ಅಂಕಿ ಹೆಚ್ಚು ಧೈರ್ಯ ಕೊಡುತ್ತದೆ.

ಹಾಸಿಗೆ ಹಿಡಿದ ಹಿರಿಯರನ್ನು ಕದಲಿಸುವ ಮುನ್ನ ನೂರು ಸಲ ಯೋಚಿಸಿ. ಫುಕುಶಿಮಾದಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳಿಂದ ಅವಸರದಲ್ಲಿ ಸಾಗಿಸಿದ ಎಷ್ಟೋ ಜನ ದಾರಿಯಲ್ಲಿ, ಚಳಿಯ ಶಿಬಿರಗಳಲ್ಲಿ ಆರೈಕೆ ಇಲ್ಲದೆ ತೀರಿಕೊಂಡರು. ಅವರನ್ನು ಕೊಂದದ್ದು ವಿಕಿರಣವಲ್ಲ.

ಕಾಗದಪತ್ರದ ಮಾತೊಂದು. 2011ರಲ್ಲಿ ಮರುಪ್ರವೇಶದ ಪರವಾನಗಿ ಇಲ್ಲದೆ ಜಪಾನ್ ಬಿಟ್ಟರೆ ವೀಸಾ ಹಕ್ಕೇ ಹೋಗುತ್ತಿತ್ತು. ಅದಕ್ಕಾಗಿ ವಲಸೆ ಕಚೇರಿಯ ಮುಂದೆ ಉದ್ದುದ್ದ ಸಾಲು. 2012ರ ಜುಲೈನಿಂದ, ನಿವಾಸ ಕಾರ್ಡ್ ಇದ್ದು ಒಂದು ವರ್ಷದೊಳಗೆ ಮರಳುವವರಿಗೆ ಆ ಪರವಾನಗಿ ಬೇಕಿಲ್ಲ. ವಿಮಾನ ನಿಲ್ದಾಣದ ಚೀಟಿಯಲ್ಲಿ ಮರಳುವ ಉದ್ದೇಶಕ್ಕೆ ಗುರುತು ಹಾಕಿದರೆ ಆಯಿತು. ಅವಸರದಲ್ಲಿ ಆ ಗುರುತು ಹಾಕಲು ಮರೆಯಬೇಡಿ. ಪಾಸ್‌ಪೋರ್ಟ್, ನಿವಾಸ ಕಾರ್ಡ್, ಮಗುವಿನ ಲಸಿಕೆ ಪುಸ್ತಕ, ಸ್ವಲ್ಪ ನಗದು ಒಂದೇ ಚೀಲದಲ್ಲಿರಲಿ.

ಊಟ

ಮೊದಲ ತಿಂಗಳು ಎಚ್ಚರ ಬೇಕಾದದ್ದು ಬಯಲಲ್ಲಿ ಬೆಳೆದ ಅಗಲ ಎಲೆಯ ಸೊಪ್ಪು ಮತ್ತು ಹಾಲು. ಚೆರ್ನೋಬಿಲ್‌ನ ಸುತ್ತ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದಕ್ಕೆ ಮುಖ್ಯ ಕಾರಣ ಹಾಲು: ಹುಲ್ಲಿನ ಮೇಲೆ ಬಿದ್ದ ಅಯೋಡಿನ್ ಹಸುವಿನ ಹೊಟ್ಟೆಗೆ, ಅಲ್ಲಿಂದ ಮಗುವಿನ ಲೋಟಕ್ಕೆ. ಆ ಕೆಲವು ವಾರ ಮಕ್ಕಳಿಗೆ ಅವಘಡಕ್ಕೆ ಮುಂಚೆ ತಯಾರಾದ ಹಾಲಿನ ಪುಡಿ ಕೊಡಿ. ಸೊಪ್ಪಿನ ಹೊರ ಎಲೆ ಕಿತ್ತೆಸೆದು, ಹರಿಯುವ ನೀರಲ್ಲಿ ತೊಳೆದು, ಬೇಯಿಸಿದ ನೀರು ಚೆಲ್ಲಿ. ಸಾರಿಗೆ ಬಳಸಬೇಡಿ.

ಆಮೇಲಿನ ವರ್ಷಗಳದ್ದು ಸೀಸಿಯಂ. ಅದರಲ್ಲಿ ಎರಡು ಬಗೆ: ಸೀಸಿಯಂ-134 ಎರಡು ವರ್ಷಕ್ಕೆ ಅರ್ಧವಾದರೆ ಸೀಸಿಯಂ-137ಕ್ಕೆ ಮೂವತ್ತು ವರ್ಷ ಬೇಕು. ಜಪಾನ್ ಮೊದಲು ತರಕಾರಿ, ಧಾನ್ಯ, ಮಾಂಸಕ್ಕೆ ಕಿಲೋಗೆ 500 ಬೆಕೆರೆಲ್ ಮಿತಿ ಇಟ್ಟಿತ್ತು. 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರಕ್ಕೆ 100, ಹಾಲು ಮತ್ತು ಕೂಸಿನ ಆಹಾರಕ್ಕೆ 50, ನೀರಿಗೆ 10. ಅಂಗಡಿಯಲ್ಲಿ ಸಿಗುವ, ಪರೀಕ್ಷೆಯಾದ ಅಕ್ಕಿ ತರಕಾರಿಗೆ ಹೆದರಬೇಡಿ. ಫುಕುಶಿಮಾದವರು 2012ರಿಂದ ಅಕ್ಕಿಯ ಒಂದೊಂದು ಚೀಲವನ್ನೂ ಯಂತ್ರದಡಿ ಹಾಯಿಸಿದರು, ವರ್ಷಕ್ಕೆ ಕೋಟಿ ಚೀಲದ ಲೆಕ್ಕದಲ್ಲಿ. ಎಚ್ಚರ ಬೇಕಾದದ್ದು ಅಂಗಡಿಗೆ ಬಾರದ ಪದಾರ್ಥಗಳಿಗೆ: ಕಾಡಿನ ಅಣಬೆ, ಕಾಡುಹಂದಿ, ಬೆಟ್ಟದ ಸೊಪ್ಪು, ಕೆರೆ ಹೊಳೆಯ ಮೀನು. ಅಕ್ಕಿಯಲ್ಲಿ ಸೀಸಿಯಂ ಹೆಚ್ಚು ಕೂರುವುದು ತೌಡಿನಲ್ಲಿ, ಪಾಲಿಶ್ ಮಾಡಿ ತೊಳೆದ ಅಕ್ಕಿಯಲ್ಲಿ ಬಹಳ ಕಡಿಮೆ.

ಅಂಗಳ ಅಳೆಯುವುದು

ಸೀಸಿಯಂ ಎಲ್ಲ ಕಡೆ ಸಮವಾಗಿ ಕೂರುವುದಿಲ್ಲ. ಸ್ಥಾವರದಿಂದ 200 ಕಿ.ಮೀ. ದೂರದ ಚಿಬಾ ಪ್ರಾಂತ್ಯದ ಕಶಿವಾ ನಗರದಲ್ಲಿ ಮಾರ್ಚ್ 21ರ ಮಳೆ ಅಲ್ಲಲ್ಲಿ ಚುಕ್ಕೆ ಇಟ್ಟಂತೆ ಬಿಟ್ಟುಹೋಯಿತು. ಮನೆಯ ಅಳತೆಯಲ್ಲೂ ಹಾಗೆಯೇ. ಮಾಳಿಗೆಯ ನೀರು ಇಳಿಯುವ ಪೈಪಿನ ಬುಡದಲ್ಲಿ ಕುಳಿತು ನೋಡಿ: ಅಂಗೈಯಗಲದ ಕಪ್ಪು ಪಾಚಿ, ಅದರ ಮೇಲೆ ಕೊಳೆತ ಎಲೆ, ನಯವಾದ ಕೆಸರು. ಇಡೀ ಸೂರಿನ ಮೇಲೆ ಬಿದ್ದದ್ದು ತೊಳೆದು ಬಂದು ಆ ಅಂಗೈಯಗಲದಲ್ಲಿ ಸೇರಿರುತ್ತದೆ. ಒಂದು ಹೆಜ್ಜೆ ಆಚೆಗಿನ ಓದಿಗೆ ಹಲವು ಪಟ್ಟು ಓದು ಅಲ್ಲಿ ಬರುತ್ತದೆ. ಮಗು ಕೈಯಾಡಿಸುವುದು ಇಂಥ ಕಡೆಯೇ.

ಮಾಪಕವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೆಲದಿಂದ 1 ಮೀಟರ್ ಎತ್ತರದಲ್ಲಿ ಹಿಡಿದು, ಅಂಕಿ ನಿಲ್ಲಲು ಒಂದೆರಡು ನಿಮಿಷ ಕಾಯಿರಿ. ಐದು ಓದು ಬರೆದುಕೊಂಡು ಸರಾಸರಿ ತೆಗೆಯಿರಿ. ಮೊದಲ ಓದನ್ನೇ ನಂಬಿದರೆ ಅಗ್ಗದ ಯಂತ್ರ ದಾರಿ ತಪ್ಪಿಸುತ್ತದೆ. ಜಪಾನಿನಲ್ಲಿ ಗಂಟೆಗೆ 0.23 ಮೈಕ್ರೋಸೀವರ್ಟ್ ಅನ್ನು ಗೆರೆಯಾಗಿ ಇಟ್ಟುಕೊಂಡರು: ಸಹಜದ 0.04 ಕಳೆದು, ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ ಎಂದು ಹಿಡಿದರೆ ವರ್ಷಕ್ಕೆ ಹೆಚ್ಚುವರಿ 1 ಮಿಲಿಸೀವರ್ಟ್ ಆಗುತ್ತದೆ. ಈ ಗೆರೆಯನ್ನು ಕರ್ನಾಟಕಕ್ಕೆ ಹಾಗೆಯೇ ತರಬೇಡಿ, ಗ್ರಾನೈಟ್ ಬಂಡೆಯ ಮೇಲಿನ ನಮ್ಮ ಊರುಗಳಲ್ಲಿ ಸಹಜ ಓದೇ ಟೋಕಿಯೊಗಿಂತ ಹೆಚ್ಚು. ಕೈಮಾಪಕವನ್ನು ಅನ್ನದ ತಟ್ಟೆಯ ಮೇಲೆ ಹಿಡಿದು ಆಹಾರ ಪರೀಕ್ಷೆ ಮಾಡಲೂ ಆಗದು. ಅದಕ್ಕೆ ಸೀಸದ ಕವಚದೊಳಗಿನ ದೊಡ್ಡ ಯಂತ್ರ ಬೇಕು.

ಪೈಪಿನ ಬುಡದ ಮಣ್ಣು ತೆಗೆಯುವುದಾದರೆ ಮೊದಲು ನೀರು ಚಿಮುಕಿಸಿ, ದೂಳು ಏಳಬಾರದು. ಕೈಗವಸು, ಮಾಸ್ಕ್ ಹಾಕಿ ಮೇಲಿನ 5 ಸೆಂ.ಮೀ. ಕೆರೆದು ಎರಡು ಚೀಲದಲ್ಲಿ ಕಟ್ಟಿ. ಸ್ಥಳೀಯ ಆಡಳಿತ ಒಯ್ಯುವವರೆಗೆ ಅಂಗಳದ ಮೂಲೆಯಲ್ಲಿ ಹೂತು, ಮೇಲೆ 30 ಸೆಂ.ಮೀ. ಶುದ್ಧ ಮಣ್ಣು ಮುಚ್ಚಿದರೆ ಶೇ. 97ಕ್ಕೂ ಹೆಚ್ಚು ವಿಕಿರಣ ತಡೆಯುತ್ತದೆ. ಹೂತ ಜಾಗ ಬರೆದಿಡಿ. ನೀರಿನ ರಭಸದಲ್ಲಿ ತೊಳೆದು ಚರಂಡಿಗೆ ಬಿಟ್ಟರೆ ಪಕ್ಕದ ಮನೆಯ ಮುಂದೆ ಹೋಗಿ ಕೂರುತ್ತದೆ ಅಷ್ಟೇ.

ಕೈಗಾದಿಂದ ದೂರದಲ್ಲಿರುವವರಿಗೆ

ಕಾಳಿ ನದಿಯ ದಡದ ಕೈಗಾದಲ್ಲಿ ಈಗ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಸ್ಥಾವರದಿಂದ 16 ಕಿ.ಮೀ. ತನಕದ್ದು ತುರ್ತು ಯೋಜನೆಯ ವಲಯ. ಅದರಾಚೆ ಇರುವ ನೀವು ಋತು ನೋಡಬೇಕು. ಮುಂಗಾರಿನಲ್ಲಿ ಗಾಳಿ ಕಡಲಿನಿಂದ ಘಟ್ಟ ಹತ್ತಿ ಪೂರ್ವಕ್ಕೆ ಬೀಸುತ್ತದೆ, ಯಲ್ಲಾಪುರ, ಹುಬ್ಬಳ್ಳಿ ಕಡೆಗೆ. ಜೊತೆಗೆ ಮಳೆಯೂ ಇರುತ್ತದೆ. ಚಳಿಗಾಲದ ಈಶಾನ್ಯ ಗಾಳಿ ಕಡಲ ಕಡೆಗೆ. ಕರಾವಳಿಯಲ್ಲಂತೂ ಹಗಲಿನ ಕಡಲ ಗಾಳಿ ರಾತ್ರಿ ತಿರುಗುತ್ತದೆ.

ನಮ್ಮ ಕಡೆಯ ಮನೆಗೆ ಟೋಕಿಯೊದ ಫ್ಲ್ಯಾಟಿಗಿಲ್ಲದ ಕೆಲಸಗಳಿವೆ. ಮಾಳಿಗೆಯ ಮಳೆನೀರನ್ನು ನೆಲದ ಸಂಪಿನೊಳಕ್ಕೆ ಬಿಡುವ ಪೈಪನ್ನು ಮೊದಲು ಬಿಚ್ಚಿ ಹೊರಗೆ ತಿರುಗಿಸಿ. ತೆರೆದ ಬಾವಿಗೆ ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲು ಹೇರಿ. ದನಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿ, ಒಳಗೆ ಕೂಡಿಟ್ಟ ಮೇವು, ಮುಚ್ಚಿದ ನೀರು ಕೊಡಿ. ಹುಲ್ಲಿನ ಬಣವೆಯನ್ನು ಮಳೆಗೆ ಮೊದಲೇ ಟಾರ್ಪಾಲ್‌ನಿಂದ ಬುಡದವರೆಗೆ ಮುಚ್ಚಿ. 2011ರ ಜುಲೈನಲ್ಲಿ ಜಪಾನಿನ ದನದ ಮಾಂಸದಲ್ಲಿ ಮಿತಿಗಿಂತ ಹೆಚ್ಚು ಸೀಸಿಯಂ ಕಂಡದ್ದು ಇದರಿಂದಲೇ: ಕೊಟ್ಟಿಗೆಯಲ್ಲೇ ಇದ್ದ ದನಗಳಿಗೆ, ಮಾರ್ಚ್ ಮಳೆಯಲ್ಲಿ ಗದ್ದೆಯ ಮೇಲೆ ನೆನೆದ ಹುಲ್ಲನ್ನು ತಂದು ಹಾಕಿದ್ದರು. ಬಣವೆ ನೆನೆದಿದ್ದರೆ ಅದರ ಹುಲ್ಲನ್ನು ಪರೀಕ್ಷೆಯಾಗುವವರೆಗೆ ದನಕ್ಕೂ ಹಾಕಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ, ಸುಡಲೂ ಬೇಡಿ. ಹೊಗೆಯ ಜೊತೆ ಒಂದಿಷ್ಟು ಹಾರುತ್ತದೆ, ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ.